ಓಡಲಾಗದ ಗಿಡ ರೋಗವನ್ನು ತಡೆಯುವ ಬಗೆ

(ಮಳೆಗಾಲಕ್ಕೆ ಮುಂಚೆ ಶಿರಸಿಯಲ್ಲಿ ಬೆಳೆಗಾರರು ಮತ್ತು ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಇನ್ನೇನು ಮಳೆ ಹಿಡಿಯುವ ಹೊತ್ತು. ಕಟ್ಟಿಗೆ ಒಳಗೆ ಹಾಕಬೇಕು. ತೋಟಕ್ಕೆ ಮೊದಲ ಮದ್ದು ಹೊಡೆಸಬೇಕು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಗುತ್ತಾರೋ ಇಲ್ಲವೋ ಅನ್ನುವ ಚಿಂತೆ ಬೇರೆ. ಇಷ್ಟರ ನಡುವೆ ಬಿಡುವು ಮಾಡಿಕೊಂಡು ಬಂದಿದ್ದೀರಿ, ಸಂತೋಷ.

ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸುವ ಕೊಳೆರೋಗದ ಬಗ್ಗೆ ಕೇಳೋಣ ಅಂತ ಬಂದವರೇ ಇಲ್ಲಿ ಜಾಸ್ತಿ ಇದ್ದೀರಿ. ಅದನ್ನೂ ಹೇಳುತ್ತೇನೆ. ಆದರೆ ಮಾತು ಶುರುಮಾಡುವುದು ರೋಗ ಬಂದ ಗಿಡದಿಂದಲ್ಲ, ಬಾರದ ಗಿಡದಿಂದ. ನಮ್ಮ ಒಂದು ತೋಟದಲ್ಲಿ ಎಷ್ಟು ಬಗೆಯ ಗಿಡ ಇರುತ್ತವೆ ನೋಡಿ. ಅಡಿಕೆ, ಅದಕ್ಕೆ ಹಬ್ಬಿದ ಮೆಣಸು, ನಡುವೆ ಬಾಳೆ, ಏಲಕ್ಕಿ, ಬದಿಯಲ್ಲಿ ವೀಳ್ಯದೆಲೆ, ಕಾಲುವೆ ಪಕ್ಕ ಕೆಸು. ಮಳೆಗಾಲದಲ್ಲಿ ಇವೆಲ್ಲದರ ಮೇಲೂ ಶಿಲೀಂಧ್ರಗಳ ಬೀಜಕಣಗಳು ಲೆಕ್ಕವಿಲ್ಲದಷ್ಟು ಬಂದು ಕೂರುತ್ತವೆ. ಹಾಗಿದ್ದೂ ಭತ್ತದ ಬೆಂಕಿರೋಗ ಅಡಿಕೆಗೆ ಬರುವುದಿಲ್ಲ. ವೈರಸ್ಸಿನಿಂದ ಬರುವ ಏಲಕ್ಕಿಯ ಕಟ್ಟೆರೋಗ ಮೆಣಸಿಗೆ ಬರುವುದಿಲ್ಲ. ಬಹುಪಾಲು ಗಿಡಗಳಿಗೆ ಬಹುಪಾಲು ರೋಗಗಳು ತಗಲುವುದೇ ಇಲ್ಲ. ನಾವು ನೋಡುವ ರೋಗ ಅಂದರೆ ಗಿಡ ಸೋತ ಕೆಲವೇ ಕೆಲವು ಸಂದರ್ಭ. ಅದು ಗೆದ್ದದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇವತ್ತು ಆ ಗೆಲುವುಗಳ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ಅದು ಗೊತ್ತಾದರೆ, ಎಲ್ಲಿ ಗಿಡಕ್ಕೆ ನಮ್ಮ ಕೈ ಬೇಕು, ಎಲ್ಲಿ ನಾವೇ ಅಡ್ಡ ಬರುತ್ತಿದ್ದೇವೆ ಅನ್ನುವುದು ಗೊತ್ತಾಗುತ್ತದೆ.

ನಮ್ಮ ದೇಹಕ್ಕೆ ರೋಗಾಣು ಬಂದರೆ ರಕ್ತದಲ್ಲಿರುವ ಬಿಳಿ ಕಣಗಳು ಅಲ್ಲಿಗೆ ಓಡುತ್ತವೆ. ಗಿಡಕ್ಕೆ ರಕ್ತ ಇಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆ ಹೋಗಿ ಹೊಡೆದಾಡುವ ಕಣಗಳೂ ಇಲ್ಲ. ಎಲೆಯಲ್ಲಿರುವ ಒಂದೊಂದು ಜೀವಕೋಶವೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು. ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮೊದಲ ತಡೆ ಮೈಮೇಲೇ ಇದೆ. ಎಲೆಯ ಮೇಲಿನ ಮೇಣದ ಪದರ, ಕಾಂಡದ ತೊಗಟೆ. ಕೆಸುವಿನ ಎಲೆ ಮೇಲೆ ನೀರು ನಿಲ್ಲುವುದಿಲ್ಲ, ಅಲ್ವಾ? ನೀರು ನಿಲ್ಲದಿದ್ದರೆ ಬೀಜಕಣ ಮೊಳೆಯುವುದು ಕಷ್ಟ. (ಅಂಥ ಕೆಸುವಿನ ಎಲೆಯನ್ನೂ ಸುಟ್ಟ ಹಾಗೆ ಮಾಡುವ ರೋಗ ಒಂದಿದೆ. ಅದು ಅಡಿಕೆಯ ಕೊಳೆರೋಗಾಣುವಿನ ಕುಲದ್ದೇ.) ಭತ್ತದ ಗಿಡ ಇನ್ನೊಂದು ದಾರಿ ಹಿಡಿದಿದೆ. ಅದು ಮಣ್ಣಿನಿಂದ ಸಿಲಿಕಾ ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತದೆ. ಗದ್ದೆಯಲ್ಲಿ ಕಳೆ ತೆಗೆಯುವಾಗ ಭತ್ತದ ಎಲೆ ತಾಗಿ ಕೈ ಗೀರುವುದು ಅದಕ್ಕೇ. ಸಿಲಿಕಾ ಚೆನ್ನಾಗಿರುವ ಗಿಡಕ್ಕೆ ಬೆಂಕಿರೋಗ ಕಡಿಮೆ. ನಮ್ಮ ಜಂಬಿಟ್ಟಿಗೆ ಮಣ್ಣಿನಿಂದ ಸಾವಿರಾರು ವರ್ಷಗಳ ಮಳೆ ಸಿಲಿಕಾವನ್ನು ತೊಳೆದುಕೊಂಡು ಹೋಗಿದೆ. ಹಾಗಾಗಿ ಉಮಿಯ ಬೂದಿಯನ್ನು, ಹುಲ್ಲನ್ನು ಗದ್ದೆಗೆ ತಿರುಗಿ ಹಾಕುವುದು ದಡ್ಡ ಕೆಲಸ ಅಲ್ಲ.

ಈಗ ಅಡುಗೆಮನೆಗೆ ಬರೋಣ. ಗಿಡದ ರಾಸಾಯನಿಕ ಅಸ್ತ್ರಗಳನ್ನು ನೋಡಲು ಪ್ರಯೋಗಾಲಯ ಬೇಡ.

ಇದು ಮಾವಿನಹಣ್ಣಿನ ಸಾಸಿವೆ ಮಾಡುವ ಕಾಲ. ಸಾಸಿವೆ ಕಾಳನ್ನು ಹಾಗೇ ಮೂಸಿ ನೋಡಿ, ಅಂಥ ವಾಸನೆ ಏನೂ ಇಲ್ಲ. ತೆಂಗಿನಕಾಯಿ ಜೊತೆ ಹಾಕಿ, ನೀರು ಬಿಟ್ಟು ಬೀಸಿದರೆ ಮೂಗಿಗೆ ಏರುತ್ತದೆ. ಅದೇ ಕಾಳನ್ನು ಕಾದ ಎಣ್ಣೆಗೆ ಹಾಕಿ ಸಿಡಿಸಿದರೆ ಆ ಘಾಟು ಬರುವುದಿಲ್ಲ. ಯಾಕೆ ಹೀಗೆ? ಕಾಳಿನೊಳಗೆ ಎರಡು ವಸ್ತು ಬೇರೆ ಬೇರೆ ಕೋಣೆಗಳಲ್ಲಿ ಇರುತ್ತವೆ. ಒಂದು ಸಿನಿಗ್ರಿನ್ ಅನ್ನುವ ಗಂಧಕ ಇರುವ ಸಂಯುಕ್ತ. ಇನ್ನೊಂದು ಮೈರೋಸಿನೇಸ್ ಅನ್ನುವ ಕಿಣ್ವ. ಬೇರೆ ಬೇರೆ ಇದ್ದಷ್ಟು ಹೊತ್ತು ಎರಡೂ ಸುಮ್ನೆ ಇರುತ್ತವೆ. ಹುಳು ಕಚ್ಚಿದಾಗಲೋ ಶಿಲೀಂಧ್ರ ಗೋಡೆ ಒಡೆದಾಗಲೋ ಎರಡೂ ಸೇರುತ್ತವೆ. ಆಗ ಹುಟ್ಟುವುದೇ ಆ ಘಾಟು. ಅದು ಹುಳುವಿಗೂ ಶಿಲೀಂಧ್ರಕ್ಕೂ ವಿಷ. ನಮ್ಮ ಬೀಸುವ ಕಲ್ಲು ಮಾಡುವುದು ಅದೇ ಕೆಲಸ. ಎಣ್ಣೆಯ ಬಿಸಿಗೆ ಕಿಣ್ವ ಕೆಟ್ಟುಹೋಗುವುದರಿಂದ ಒಗ್ಗರಣೆಯಲ್ಲಿ ಘಾಟು ಇಲ್ಲ. ಬೆಳ್ಳುಳ್ಳಿಯದೂ ಇದೇ ಕಥೆ. ಇಡೀ ಎಸಳಿಗೆ ವಾಸನೆ ಕಡಿಮೆ, ಜಜ್ಜಿದರೆ ಮನೆತುಂಬ.

ಬಾಳೆಕಾಯಿ ಹೆಚ್ಚಿದಾಗ ಹೋಳು ಕಪ್ಪಾಗುತ್ತದೆ, ಬೆರಳೂ ಕಪ್ಪಾಗುತ್ತದೆ. ಅದು ಕೊಳೆ ಅಲ್ಲ. ಗಾಯವಾದ ಜಾಗದಲ್ಲಿ ಫಿನಾಲ್ ವಸ್ತುಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಸೂಕ್ಷ್ಮಜೀವಿಗೆ ಒಗ್ಗದ ಪದಾರ್ಥ ಆಗುತ್ತಿರುತ್ತವೆ. ಹಲಸಿನ ಮೇಣ ಗಾಯವನ್ನು ಮುಚ್ಚುತ್ತದೆ. ಹೊನ್ನೆ ಮರಕ್ಕೆ ಕತ್ತಿ ತಾಗಿದರೆ ಕೆಂಪಗೆ ರಕ್ತದಂತೆ ಒಸರುವುದನ್ನು ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಅದು ಒಣಗಿ ಗಟ್ಟಿಯಾಗುತ್ತದೆ. ಅದರ ತುಂಬ ಟ್ಯಾನಿನ್.

ಟ್ಯಾನಿನ್ ಅಂದರೆ ಯಾವುದೋ ದೂರದ ಹೆಸರಲ್ಲ. ನಮ್ಮ ಚೊಗರು! ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಕೆಂಪು, ನಾಲಿಗೆ ಒಗರಾಗಿಸುವ ರಸ. ಎಳೆ ಅಡಿಕೆಯಲ್ಲಿ ಟ್ಯಾನಿನ್ ಜಾಸ್ತಿ, ಬಲಿತ ಹಾಗೆ ಕಡಿಮೆ. ಪ್ರೋಟೀನುಗಳನ್ನು ಹಿಡಿದು ಗಟ್ಟಿ ಮಾಡುವುದು ಅದರ ಗುಣ. ನಾಲಿಗೆ ಮೇಲೆ ಒಗರು ಅನ್ನಿಸುವುದೂ ಎಂಜಲಿನ ಪ್ರೋಟೀನನ್ನು ಅದು ಹಿಡಿಯುವುದರಿಂದಲೇ. ರೋಗಾಣು ಬಿಡುವ ಕಿಣ್ವಗಳನ್ನೂ ಅದು ಹೀಗೇ ಹಿಡಿದುಹಾಕುತ್ತದೆ. ಗಿಡ ತನ್ನ ಕಾಯನ್ನು ಕಾಯಲು ಮಾಡಿಕೊಂಡದ್ದನ್ನೇ ನಾವು ಅಡಿಕೆಗೆ ಬಣ್ಣ ಕೊಡಲು ಬಳಸುತ್ತೇವೆ.

ಇದೇ ಸಾಲಿನಲ್ಲಿ ಮಾವಿನದೊಂದು ವಿಷಯ ಹೇಳಲೇಬೇಕು. ಅಂಕೋಲೆಯ ಕರಿ ಈಶಾಡು ಎಲ್ಲರಿಗೂ ಇಷ್ಟ. ಮರದಿಂದ ಇಳಿಸುವಾಗ ಸಿಪ್ಪೆ ಚೊಕ್ಕವಾಗಿರುತ್ತದೆ. ಹುಲ್ಲಿನಲ್ಲಿಟ್ಟು ಹಣ್ಣಾಗುತ್ತಿದ್ದ ಹಾಗೆ ಮಾವಿಗೆ ಕರಿ ಚುಕ್ಕೆ ಏಳುತ್ತದೆ, ಮೂರನೇ ದಿನಕ್ಕೆ ಚುಕ್ಕೆಗಳು ಕೂಡಿಕೊಳ್ಳುತ್ತವೆ. ಹುಲ್ಲಿನಿಂದ ರೋಗ ಬಂತು ಅಂತ ಹೇಳುವವರಿದ್ದಾರೆ. ಹಾಗಲ್ಲ. ಆ ಶಿಲೀಂಧ್ರ, ಕೊಲೆಟೋಟ್ರೈಕಮ್, ಕಾಯಿ ಎಳೆಯದಿದ್ದಾಗಲೇ ಸಿಪ್ಪೆಯೊಳಗೆ ಸೇರಿರುತ್ತದೆ. ಕಾಯಿಯ ಸಿಪ್ಪೆಯಲ್ಲಿ ರಿಸಾರ್ಸಿನಾಲ್ ಜಾತಿಯ ವಿಷಗಳು ಜಾಸ್ತಿ ಇರುವುದರಿಂದ ಅದು ಮುಂದಕ್ಕೆ ಹೋಗಲಾರದೆ ವಾರಗಟ್ಟಲೆ ಅಲ್ಲೇ ಕಾದಿರುತ್ತದೆ. ಹಣ್ಣಾಗುವಾಗ ಆ ವಿಷಗಳು ಇಳಿಯುತ್ತವೆ. ಯಾಕೆಂದರೆ ಹಣ್ಣನ್ನು ಯಾರಾದರೂ ತಿಂದು ಓಟೆಯನ್ನು ದೂರ ಒಯ್ಯಬೇಕು. ತಿನ್ನಲು ಬಾಗಿಲು ತೆಗೆದಾಗ ಕಾದಿದ್ದ ರೋಗವೂ ಎದ್ದುಬರುತ್ತದೆ. ನನಗೆ ಇಡೀ ವಿಷಯದಲ್ಲಿ ತುಂಬ ಹಿಡಿಸಿದ ಸಂಗತಿ ಇದು. ರೋಗ ಇದ್ದೂ ಇಲ್ಲದ ಹಾಗೆ ಕಾಯಿ ಅದನ್ನು ಅಷ್ಟು ದಿನ ಹಿಡಿದಿಟ್ಟಿರುತ್ತದೆ!

ಇಷ್ಟು ಹೊತ್ತು ಹೇಳಿದ್ದು ಮೊದಲೇ ತಯಾರಿರುವ ರಕ್ಷಣೆ. ಇನ್ನು ಮುಂದೆ, ರೋಗಾಣು ಬಂದದ್ದು ಗೊತ್ತಾದ ಮೇಲೆ ಗಿಡ ಏನು ಮಾಡುತ್ತದೆ ಅನ್ನುವುದು.

ಕಣ್ಣು ಮೂಗು ಇಲ್ಲದ ಗಿಡಕ್ಕೆ ಗೊತ್ತಾಗುವುದು ಹೇಗೆ? ಜೀವಕೋಶದ ಹೊರಮೈಯಲ್ಲಿ ಗ್ರಾಹಕ ಪ್ರೋಟೀನುಗಳಿವೆ. ಅವು ಹುಡುಕುವುದು ಒಂದೊಂದು ರೋಗಾಣುವನ್ನಲ್ಲ. ರೋಗಾಣುಗಳು ಬಿಟ್ಟಿರಲಾರದ ಸಾಮಾನನ್ನು ಹುಡುಕುತ್ತವೆ. ಶಿಲೀಂಧ್ರದ ಗೋಡೆಯಲ್ಲಿ ಕೈಟಿನ್ ಅನ್ನುವ ಗಟ್ಟಿ ವಸ್ತು ಇರಲೇಬೇಕು. ಈಜುವ ಬ್ಯಾಕ್ಟೀರಿಯಾಕ್ಕೆ ಬಾಲ ಬೇಕು, ಆ ಬಾಲದಲ್ಲಿ ಫ್ಲಜೆಲಿನ್ ಅನ್ನುವ ಪ್ರೋಟೀನ್ ಇರುತ್ತದೆ. ಅದರ ಒಂದು ತುಣುಕು ಸಿಕ್ಕರೂ ಜೀವಕೋಶ ಎಚ್ಚರಗೊಳ್ಳುತ್ತದೆ. ನಿಮಿಷಗಳಲ್ಲಿ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ತಯಾರಾಗುತ್ತದೆ, ಗೋಡೆ ದಪ್ಪವಾಗುತ್ತದೆ.

ಎಲೆಯ ಅಡಿಯಲ್ಲಿರುವ ಪತ್ರರಂಧ್ರಗಳ ಬಗ್ಗೆ ಶಾಲೆಯಲ್ಲಿ ಓದಿದ್ದೀರಿ. ಗಾಳಿ ಹೋಗಿ ಬರುವ, ನೀರು ಆವಿಯಾಗುವ ಸಣ್ಣ ಬಾಯಿಗಳು. ಬ್ಯಾಕ್ಟೀರಿಯಾಗಳು ಒಳಗೆ ಹೋಗುವುದೂ ಅಲ್ಲಿಂದಲೇ. 2006ರಲ್ಲಿ ಗೊತ್ತಾದ ಸಂಗತಿ ಏನೆಂದರೆ, ಬ್ಯಾಕ್ಟೀರಿಯಾದ ಸುಳಿವು ಸಿಕ್ಕ ಕೂಡಲೇ ಗಿಡ ಈ ಬಾಯಿಗಳನ್ನು ಮುಚ್ಚಿಕೊಳ್ಳುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಕೊರೊನಾಟಿನ್ ಅನ್ನುವ ವಸ್ತು ಬಿಟ್ಟು ಮತ್ತೆ ತೆರೆಸುತ್ತವೆ. ಗಾಳಿಯಲ್ಲಿ ತೇವ ತುಂಬಾ ಏರಿದರೆ ಈ ಮುಚ್ಚುವ ಕೆಲಸವೇ ಸಡಿಲಾಗುತ್ತದೆ. ಆರಿದ್ರಾ, ಪುನರ್ವಸು ಮಳೆಯಲ್ಲಿ ನಮ್ಮ ಕಡೆ ಗಾಳಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ರೋಗಾಣುಗಳು ಇನ್ನೂ ಮುಂದೆ ಹೋಗಿವೆ. ಜೀವಕೋಶದೊಳಗೆ ತಮ್ಮ ಪ್ರೋಟೀನುಗಳನ್ನು ತೂರಿಸಿ ಎಚ್ಚರಿಕೆಯ ವ್ಯವಸ್ಥೆಯನ್ನೇ ನಿಲ್ಲಿಸುತ್ತವೆ. ಆಲೂಗೆಡ್ಡೆಯ ಅಂಗಮಾರಿ ರೋಗಾಣು, ಅಂದರೆ 1845ರಲ್ಲಿ ಐರ್ಲೆಂಡಿನ ಕ್ಷಾಮಕ್ಕೆ ಕಾರಣವಾದದ್ದು, ನಮ್ಮ ಕೊಳೆರೋಗಾಣುವಿನ ಹತ್ತಿರದ ನೆಂಟ. 2009ರಲ್ಲಿ ಅದರ ಜೀನುಗಳನ್ನು ಓದಿದಾಗ ಇಂಥ ಒಂದೇ ಬಗೆಯ ಪ್ರೋಟೀನುಗಳಿಗೆ 500ಕ್ಕೂ ಹೆಚ್ಚು ಜೀನುಗಳು ಕಂಡವು. ಕಳ್ಳನೊಬ್ಬ ಮನೆಯ ನಾಯಿಗೆ ಏನೋ ತಿನ್ನಿಸಿ ಬಾಯಿ ಮುಚ್ಚಿಸಿದ ಅಂತಿಟ್ಟುಕೊಳ್ಳಿ. ಮನೆಯೊಳಗೆ ಕೂತವನಿಗೆ ಕಳ್ಳ ಕಾಣಬೇಕೆಂದಿಲ್ಲ, ನಾಯಿ ಯಾಕೆ ಸುಮ್ಮನಾಯಿತು ಅನ್ನುವುದೇ ಸಾಕು. ಗಿಡದ ಜೀವಕೋಶದೊಳಗೂ ಅಂಥ ಕಾವಲು ಪ್ರೋಟೀನುಗಳಿವೆ. ಭತ್ತದಲ್ಲಿ ಅವುಗಳ ಜೀನುಗಳು 400ಕ್ಕೂ ಜಾಸ್ತಿ.

ಕಾವಲು ಎಚ್ಚರಗೊಂಡರೆ ಜೀವಕೋಶ ಮಾಡುವ ಕೆಲಸ ಕಠಿಣವಾದದ್ದು. ಅದು ಸಾಯುತ್ತದೆ. ತಾನೇ ಸಾಯುತ್ತದೆ. ಸುತ್ತಲಿನ ಕೆಲವು ಜೀವಕೋಶಗಳೂ ಜೊತೆಗೆ. ಬದುಕಿರುವ ಕೋಶದಲ್ಲಿ ಮಾತ್ರ ಬೆಳೆಯಬಲ್ಲ ರೋಗಾಣು ಅಲ್ಲಿಗೆ ಸಿಕ್ಕಿಬೀಳುತ್ತದೆ. ಮನೆಗೆ ಹೋದ ಮೇಲೆ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ಸಾಸಿವೆ ಕಾಳಿಗಿಂತ ಸಣ್ಣ ಕಂದು ಚುಕ್ಕೆ, ಅಂಚು ಗೆರೆ ಎಳೆದ ಹಾಗೆ ಚೊಕ್ಕ, ಅದರಾಚೆ ಹಸಿರು. ಎರಡು ವಾರ ಬಿಟ್ಟು ನೋಡಿದರೂ ಅಷ್ಟೇ ಇದ್ದರೆ, ಅಲ್ಲಿ ಗಿಡ ಗೆದ್ದಿರುವ ಸಾಧ್ಯತೆ ಜಾಸ್ತಿ. ಚುಕ್ಕೆ ದಿನಾ ಹಿಗ್ಗುತ್ತಾ, ಅಂಚು ಹಳದಿಯಾಗಿ ಹರಡುತ್ತಿದ್ದರೆ ಮಾತ್ರ ಚಿಂತೆ ಮಾಡಬೇಕು. ಈಚೆಗೆ ಅಡಿಕೆಗೆ ಬಂದಿರುವ ಎಲೆಚುಕ್ಕೆ ಈ ಎರಡನೇ ಜಾತಿಯದು. ಸತ್ತ ಕೋಶವನ್ನೂ ತಿಂದು ಬದುಕುವ ಶಿಲೀಂಧ್ರದ ಎದುರು ಕೋಶ ಸತ್ತರೆ ಪ್ರಯೋಜನವಿಲ್ಲ. ಒಂದು ರೋಗಕ್ಕೆ ಸರಿಹೋದ ಉಪಾಯ ಇನ್ನೊಂದಕ್ಕೆ ತಿರುಗುಬಾಣ ಆಗುವುದೂ ಉಂಟು.

ಅಮೆರಿಕದ ಹೆರಾಲ್ಡ್ ಫ್ಲಾರ್ 1940ರ ದಶಕದಲ್ಲಿ ಅಗಸೆ ಗಿಡ ಮತ್ತು ಅದರ ತುಕ್ಕುರೋಗವನ್ನು ಒಟ್ಟಿಗೇ ಅಭ್ಯಾಸ ಮಾಡಿ, ಗಿಡದ ಒಂದು ಜೀನಿಗೆ ರೋಗಾಣುವಿನ ಒಂದು ಜೀನು ಜೋಡಿ ಅಂತ ತೋರಿಸಿದ. ಆ ಜೋಡಿ ತಾಳೆಯಾದರೆ ಗಿಡ ಉಳಿಯುತ್ತದೆ. ರೋಗಾಣು ತನ್ನ ಜೀನನ್ನು ಬದಲಿಸಿಕೊಂಡರೆ ಮತ್ತೆ ಗಿಡಕ್ಕೆ ಕಷ್ಟ. ಒಂದೇ ನಿರೋಧಕ ಜೀನನ್ನು ನಂಬಿ ಬಿಡುಗಡೆಯಾದ ತಳಿಗಳು ಕೆಲವು ವರ್ಷಕ್ಕೆ ರೋಗಕ್ಕೆ ಬಗ್ಗುವುದು ಇದರಿಂದಲೇ.

ಒಂದು ಎಲೆಗೆ ರೋಗ ತಗುಲಿದರೆ ಉಳಿದ ಎಲೆಗಳಿಗೆ ಸುದ್ದಿ ಹೋಗುತ್ತದೆಯೇ? ಹೋಗುತ್ತದೆ. 1961ರಲ್ಲಿ ಫ್ರಾಂಕ್ ರಾಸ್ ಎಂಬ ವಿಜ್ಞಾನಿ ತಂಬಾಕಿನ ಕೆಳಗಿನ ಎಲೆಗಳಿಗೆ ವೈರಸ್ ತಗುಲಿಸಿದರು. ಕೆಲವು ದಿನ ಬಿಟ್ಟು ಮೇಲಿನ ಎಲೆಗಳಿಗೂ ತಗುಲಿಸಿದಾಗ ಅವು ಚೆನ್ನಾಗಿ ತಡೆದುಕೊಂಡವು. ಈ ಎಚ್ಚರಿಕೆಯಲ್ಲಿ ಮುಖ್ಯವಾದ ವಸ್ತು ಸ್ಯಾಲಿಸಿಲಿಕ್ ಆಮ್ಲ. ತಲೆನೋವಿನ ಆಸ್ಪಿರಿನ್ ಇದೆಯಲ್ಲ, ಅದರ ಮೂಲ ಇದು. 1979ರಲ್ಲಿ ತಂಬಾಕಿನ ಎಲೆಗೆ ಆಸ್ಪಿರಿನ್ ಕೊಟ್ಟು ನೋಡಿದಾಗ ವೈರಸ್ಸಿನ ಗಾಯಗಳು ಕಡಿಮೆಯಾದವು. ಅದರ ಇನ್ನೊಂದು ರೂಪ ಗಾಳಿಯಲ್ಲೂ ಹರಡುತ್ತದೆ. ಮೊಣಕಾಲಿಗೆ ಹಚ್ಚುವ ಮುಲಾಮಿನ ವಾಸನೆ ಗೊತ್ತಲ್ಲ, ಅದೇ ಮಿಥೈಲ್ ಸ್ಯಾಲಿಸಿಲೇಟ್. ರೋಗ ಬಂದ ತಂಬಾಕು ಅದನ್ನು ಹೊರಗೆ ಬಿಡುತ್ತದೆ, ಪಕ್ಕದ ಗಿಡ ಅದನ್ನು ಹೀರಿ ತಾನೂ ಸಿದ್ಧವಾಗುತ್ತದೆ ಅಂತ 1997ರಲ್ಲಿ ತೋರಿಸಿದರು. ಹಾಗಂತ ತೋಟಕ್ಕೆ ಆಸ್ಪಿರಿನ್ ಹೊಡೆಯಲು ಹೋಗಬೇಡಿ. ಎಲೆ ಸುಟ್ಟೀತು.

ವೈರಸ್ಸನ್ನು ತಡೆಯಲು ಗಿಡಕ್ಕೆ ಬೇರೆಯೇ ಉಪಾಯವಿದೆ. ಅದರ ಆರ್‌ಎನ್‌ಎಯನ್ನು ಗುರುತಿಸಿ ತುಂಡು ತುಂಡು ಮಾಡುತ್ತದೆ. ಆ ತುಂಡುಗಳನ್ನೇ ಗುರುತಿಗೆ ಇಟ್ಟುಕೊಂಡು ಉಳಿದದ್ದನ್ನೂ ಹುಡುಕಿ ಕತ್ತರಿಸುತ್ತದೆ. ಇದಕ್ಕೆ ಪ್ರತಿಯಾಗಿ ವೈರಸ್ಸುಗಳೂ ತಮ್ಮ ದಾರಿ ಕಂಡುಕೊಂಡಿವೆ. ಇಲ್ಲದಿದ್ದರೆ ಕಟ್ಟೆರೋಗ ನಮ್ಮ ಏಲಕ್ಕಿಯನ್ನು ಇಷ್ಟು ಕಾಡುತ್ತಿರಲಿಲ್ಲ.

ಈಗ ಕೊಳೆ. ಇಷ್ಟೆಲ್ಲ ಇದ್ದೂ ಅಡಿಕೆ ಯಾಕೆ ಸೋಲುತ್ತದೆ?

ಕೊಳೆಗೆ ಕಾರಣ ಫೈಟಾಫ್ಥೊರಾ. ನೋಡಲು ಶಿಲೀಂಧ್ರದ ಹಾಗೆ ಬಿಳಿ ಬೂಷ್ಟು. ಆದರೆ ಅದು ಶಿಲೀಂಧ್ರ ಅಲ್ಲ. ಕಾರವಾರದ ಕಡಲತೀರದಲ್ಲಿ ನೀರು ಇಳಿದಾಗ ಬಂಡೆಗೆ ಅಂಟಿದ ಕಂದು ಪಾಚಿ ಕಾಣುತ್ತದಲ್ಲ, ವಂಶದಲ್ಲಿ ಅದಕ್ಕೆ ಹತ್ತಿರ. ಅದರ ಗೋಡೆಯಲ್ಲಿ ಸೆಲ್ಯುಲೋಸ್ ಇದೆ, ಗಿಡದ ಗೋಡೆಯಲ್ಲಿರುವಂಥದ್ದೇ. ಕೈಟಿನ್ ಹುಡುಕುವ ಗ್ರಾಹಕಕ್ಕೆ ಇಲ್ಲಿ ಕೆಲಸ ಕಡಿಮೆ. ಜೊತೆಗೆ ಇದರ ಬೀಜಕಣಗಳಿಗೆ ಎರಡು ಬಾಲ. ಅವು ನೀರಿನಲ್ಲಿ ಈಜುತ್ತವೆ. ಕಾಯಿಯ ತೊಟ್ಟಿನ ಹತ್ತಿರ ಒಂದು ಹನಿ ನಿಂತರೂ ಸಾಕು. ಅಲ್ಲಿ ಮೊದಲು ನೀರು ಕುಡಿದ ಹಾಗಿನ ಕಡುಹಸಿರು ಕಲೆ ಏಳುತ್ತದೆ. ಕಲೆ ಹರಡಿ ಕಾಯಿ ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿ ಬೂಷ್ಟು ಬೆಳೆಯುತ್ತದೆ. ಗಿಡ ಎಚ್ಚರಗೊಳ್ಳುವುದೇ ಇಲ್ಲ ಅಂತಲ್ಲ. ಎಡೆಬಿಡದ ಮಳೆಯಲ್ಲಿ ಒಂದರ ಹಿಂದೆ ಒಂದು ದಾಳಿ. ಅಷ್ಟು ವೇಗಕ್ಕೆ ಕಾಯಿ ತಾಳಲಾರದು.

ನಮ್ಮ ಹಿರಿಯರು ಇದನ್ನು ಕಣ್ಣಿನಿಂದಲೇ ತಿಳಿದಿದ್ದರು. ಅಡಿಕೆಯ ಕೊನೆಗೆ, ಅಂದರೆ ಗೊನೆಗೆ, ನೀರು ತಾಗಬಾರದು ಅಂತ ಕೊಟ್ಟೆ ಅನ್ನುವ ಹೊದಿಕೆ ಕಟ್ಟುತ್ತಿದ್ದರು. ಕೊನೆ ಒಣಗಿದ್ದರೆ ಈಜುವ ಕಣಕ್ಕೆ ದಾರಿಯಿಲ್ಲ. ಆಮೇಲೆ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಬಂದು, 1910ರಲ್ಲಿ ಕೊಳೆರೋಗದ ಮೇಲೆ ವಿವರವಾದ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಅಡಿಕೆಗೆ ತಂದವರಲ್ಲಿ ಅವರ ಹೆಸರು ದೊಡ್ಡದು. ಆಗ ಶಿರಸಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಮದ್ದಿಗೆ ಗಡಿ ಇರಲಿಲ್ಲ. ಆ ಮದ್ದು ಹುಟ್ಟಿದ್ದು ಫ್ರಾನ್ಸಿನಲ್ಲಿ. ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ಅಲ್ಲಿನ ಬೆಳೆಗಾರರು ದಾರಿಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಇಲ್ಲದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು.

ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಇದು ನಿಮಗೆಲ್ಲ ಬಾಯಿಪಾಠ. ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಇದು ಕಾಯಿಯ ಹೊರಮೈಯಲ್ಲಿ ಕೂತು ಬೀಜಕಣ ಮೊಳೆಯದಂತೆ ತಡೆಯುತ್ತದೆ. ಒಳಗೆ ಹೋದ ರೋಗವನ್ನು ಗುಣ ಮಾಡುವುದಿಲ್ಲ. ಉದುರಲು ಶುರುವಾದ ಮೇಲೆ ಹೊಡೆದು, ಮದ್ದಿಗೆ ಶಕ್ತಿ ಇಲ್ಲ ಅಂದರೆ ಅದು ಮದ್ದಿನ ತಪ್ಪಲ್ಲ. ಮಳೆಗೆ ಮುಂಚೆ ಒಮ್ಮೆ, 40-45 ದಿನಕ್ಕೆ ಮತ್ತೊಮ್ಮೆ. ಉದುರಿದ ಕಾಯಿ ಆರಿಸಿ ತೋಟದಿಂದ ಹೊರಗೆ ಹಾಕಿ, ಬಸಿಗಾಲುವೆ ತೆಗೆಸಿ.

ಇನ್ನೊಂದು ವಿಷಯ ಗೊಬ್ಬರದ್ದು. ರೋಗ ತಡೆಯುವುದು ಗಿಡಕ್ಕೆ ಪುಕ್ಕಟೆ ಕೆಲಸ ಅಲ್ಲ. ಆ ಶಕ್ತಿ ಬೆಳವಣಿಗೆಯಿಂದಲೇ ಬರಬೇಕು. ಯೂರಿಯಾ ಜಾಸ್ತಿ ಸುರಿದರೆ ಎಲೆ ಕಪ್ಪು ಹಸಿರಾಗಿ ಸೊಂಪಾಗಿ ಕಾಣುತ್ತದೆ, ಆದರೆ ಎಳೆ, ಮೆತ್ತಗಿನ ಎಲೆ. ಬನವಾಸಿ, ಮುಂಡಗೋಡದ ಗದ್ದೆಗಳಲ್ಲಿ ಬೆಂಕಿರೋಗ ಮೊದಲು ಏರುವುದು ಇಂಥ ಸೊಂಪಾದ ತಾಕುಗಳಿಗೇ.

ಕೊನೆಯದಾಗಿ ಮೆಣಸು. ಸೊರಗು ರೋಗಕ್ಕೂ ಫೈಟಾಫ್ಥೊರಾವೇ ಕಾರಣ, ಜಾತಿ ಬೇರೆ. ಅದಕ್ಕೆ ಬಗ್ಗದ ಒಂದು ಗಿಡ ದಕ್ಷಿಣ ಅಮೆರಿಕದ ಕಾಡು ಹಿಪ್ಪಲಿ, ಪೈಪರ್ ಕೊಲುಬ್ರಿನಮ್. ನೀರು ನಿಲ್ಲುವ ಜಾಗದಲ್ಲೂ ಬೆಳೆಯುತ್ತದೆ. ನಿಮ್ಮಲ್ಲಿ ಹಲವರು ಅದಕ್ಕೆ ಮೆಣಸಿನ ಕಸಿ ಕಟ್ಟಿದ್ದೀರಿ. ಭತ್ತದಲ್ಲೂ ಹೀಗೇ ಆಗಿದೆ. ಆಫ್ರಿಕಾದ ಮಾಲಿಯ ಒಂದು ಕಾಡುಭತ್ತದಿಂದ ಬಂದ ಎಕ್ಸ್‌ಎ-21 ಎಂಬ ಜೀನು ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಅಂಗಮಾರಿಯನ್ನು ತಡೆಯುತ್ತದೆ. ಅದನ್ನೂ ಇನ್ನೆರಡು ಜೀನುಗಳನ್ನೂ ಸಾಂಬಾ ಮಸೂರಿಗೆ ಸೇರಿಸಿ ಹೈದರಾಬಾದಿನ ಸಂಶೋಧಕರು 2008ರಲ್ಲಿ ಸುಧಾರಿತ ತಳಿ ಕೊಟ್ಟರು. ಆ ಕಾಡುಭತ್ತ ಉಳಿಯದೆ ಹೋಗಿದ್ದರೆ ಈ ತಳಿ ಇರುತ್ತಿರಲಿಲ್ಲ.

ಕಾಳುಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟವೇ. ನಮ್ಮ ಬೆಟ್ಟದಲ್ಲಿ, ಹಳೇ ತೋಟದಲ್ಲಿ ಹೆಸರಿಲ್ಲದ ಬಳ್ಳಿಗಳು ಎಷ್ಟೋ ಇವೆ. ಹಾಗಾಗಿ ನಿಮ್ಮಲ್ಲಿ ಒಂದು ಕೇಳಿಕೆ. ಈ ಮಳೆಗಾಲದಲ್ಲಿ ಸೊರಗು ಬಂದು ಸುತ್ತಲಿನ ಬಳ್ಳಿಯೆಲ್ಲ ಹೋಗಿ, ನಡುವೆ ಒಂದು ಹಸಿರಾಗಿ ಉಳಿದರೆ ಅದನ್ನು ಗುರುತು ಮಾಡಿಡಿ. ಮರಕ್ಕೆ ಸುಣ್ಣ ಬಳಿಯಿರಿ ಸಾಕು. ಜಾಗ ಸ್ವಲ್ಪ ಎತ್ತರವಿದ್ದು, ರೋಗದ ನೀರು ಬುಡಕ್ಕೆ ಬಾರದೆಯೂ ಅದು ಉಳಿದಿರಬಹುದು. ಅದಕ್ಕೇ ಮುಂದಿನ ಮಳೆಗಾಲದಲ್ಲೂ ನೋಡಬೇಕು. ಆಗಲೂ ಉಳಿದರೆ, ಬುಡದಿಂದ ನೆಲದ ಮೇಲೆ ಹರಿಯುವ ಕುಡಿಗಳನ್ನು ಮಣ್ಣಿಗೆ ಬೇರು ಬಿಡಲು ಬಿಡದೆ ಒಂದು ಗೂಟಕ್ಕೆ ಸುತ್ತಿಡಿ. ಫೆಬ್ರುವರಿ, ಮಾರ್ಚಿನಲ್ಲಿ ಎರಡು ಮೂರು ಗಂಟಿಗೆ ಒಂದರಂತೆ ಕತ್ತರಿಸಿ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ. ಸಸಿಗಳಲ್ಲಿ ಕೆಲವನ್ನು ತೋಟದಿಂದ ದೂರ ಇಟ್ಟು, ಬೇಕೆಂದೇ ರೋಗ ತಗುಲಿಸಿ ಪರೀಕ್ಷೆ ಮಾಡಬೇಕಾಗುತ್ತದೆ. ಆ ಕೆಲಸ ನಾನು ಮಾಡುತ್ತೇನೆ. ಬಳ್ಳಿ ಗುರುತಿಸುವುದು ತೋಟದಲ್ಲಿ ದಿನಾ ಓಡಾಡುವ ನಿಮ್ಮಿಂದಲೇ ಆಗಬೇಕು.

ಚಹಾಕ್ಕೆ ಕರೆಯುತ್ತಿದ್ದಾರೆ. ಪ್ರಶ್ನೆ ಇದ್ದವರು ಮೊದಲು ಕೇಳಿಬಿಡಿ. ರೋಗದ ಎಲೆ, ಕಾಯಿ ತಂದವರು ಈಚೆ ಮೇಜಿಗೆ ಬನ್ನಿ, ಒಂದೊಂದಾಗಿ ನೋಡೋಣ.